ಕಬ್ಬಿಗೆ ಕಾವಲು ಹಾಕಿದವರು

ಅವರ ಸ್ಮರಣ ಸಂಚಿಕೆಗೆ ಲೇಖನ ಬೇಕು ಎಂದು ಫೋನ್ ಬಂದಾಗ ನಾನು ಅಡುಗೆಮನೆಯಲ್ಲಿ ಕೂತು ಒಣಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದೆ. ಫೋನ್ ಮಾಡಿದವನು ನಮ್ಮ ಹಳೆಯ ವಿದ್ಯಾರ್ಥಿ, ಈಗ ಅದೇ ಕಾಲೇಜಿನಲ್ಲಿ ಉಪನ್ಯಾಸಕ. ಸರ್ ತೀರಿಕೊಂಡು ತಿಂಗಳಾಯಿತು, ಶೋಕಸಭೆ ಮುಗಿಯಿತು, ಇನ್ನು ಪುಸ್ತಕ ಆಗಬೇಕು, ನೀವು ಅವರ ಜೊತೆ ಬಹಳ ವರ್ಷ ಕೆಲಸ ಮಾಡಿದವರು, ನಾಲ್ಕು ಒಳ್ಳೆಯ ಮಾತು ಬರೆದುಕೊಡಿ ಎಂದ. ಬರೆಯುತ್ತೇನೆ ಎಂದೆ. ಒಳ್ಳೆಯ ಮಾತು ಎಂಬುದಕ್ಕೆ ನಾನು ಹೂಂ ಅನ್ನಲಿಲ್ಲ, ಅವನು ಅದನ್ನು ಗಮನಿಸಲಿಲ್ಲ.

ಅವರ ಹೆಸರು ಬರೆಯುವುದಿಲ್ಲ. ಬೇಕಾದವರು ಕಾಲೇಜಿನ ಕಮಾನು ನೋಡಿಕೊಳ್ಳಲಿ, ಗ್ರಂಥಾಲಯದ ಅಡಿಗಲ್ಲು ನೋಡಿಕೊಳ್ಳಲಿ, ಕುಡಿಯುವ ನೀರಿನ ಟಾಕಿ ನೋಡಿಕೊಳ್ಳಲಿ. ಬದುಕಿದ್ದಾಗಲೇ ಇಷ್ಟು ಕಡೆ ಹೆಸರು ಕೆತ್ತಿಸಿಕೊಂಡವರಿಗೆ ನನ್ನ ಲೇಖನದಲ್ಲೂ ಒಂದು ಜಾಗ ಯಾಕೆ? ಸರ್ ಅಂದರೆ ಸಾಕು, ಆ ಸುತ್ತಿನಲ್ಲಿ ಸರ್ ಅಂದರೆ ಅವರೊಬ್ಬರೇ ಎಂದು ಅವರೂ ನಂಬಿದ್ದರು.

ರಾಯಬಾಗದ ಕಡೆಯ ಕಾಲೇಜು ಅದು. ಪದವಿಯ ಜೊತೆಗೆ ವಿಶ್ವವಿದ್ಯಾಲಯದ ಸ್ನಾತಕೋತ್ತರ ತರಗತಿಗಳೂ ನಡೆಯುತ್ತಿದ್ದುದರಿಂದ ಎಲ್ಲರೂ ಅದನ್ನು ಕ್ಯಾಂಪಸ್ ಎಂದೇ ಕರೆಯುತ್ತಿದ್ದರು. ದೊಡ್ಡ ರಸ್ತೆಯಿಂದ ಒಳದಾರಿ ಕವಲೊಡೆಯುವ ಫಾಟಾದಲ್ಲಿ ಬಸ್ಸು ಇಳಿಸಿ ಹೋಗುತ್ತಿತ್ತು. ಅಲ್ಲಿಂದ ಗೇಟಿನವರೆಗೆ ನಡಿಗೆ. ದಾರಿಯ ಎರಡೂ ಕಡೆ ಕಬ್ಬು. ಮಳೆಗಾಲ ಕಳೆಯುವ ಹೊತ್ತಿಗೆ ಆ ಕಬ್ಬು ಆಳೆತ್ತರ ದಾಟಿ ದಾರಿಯ ಮೇಲೆ ಬಾಗಿರುತ್ತಿತ್ತು, ಕಾರಖಾನೆಯವರು ಕಡಿಯಲು ಬರುವವರೆಗೆ ಎರಡು ಹೆಜ್ಜೆ ಒಳಗೆ ನಿಂತವನು ಹೊರಗಿನವರಿಗೆ ಕಾಣುತ್ತಿರಲಿಲ್ಲ. ಒಣಗಿದ ಗರಿಯ, ರವದಿಯ ಸಪ್ಪಳ ಗಾಳಿಯದೋ ಮನುಷ್ಯರದೋ ತಿಳಿಯುತ್ತಿರಲಿಲ್ಲ. ನಾನು ಉಗಾರ ಬುದ್ರುಕದವಳು, ಕಬ್ಬಿನ ನಡುವೆಯೇ ಬೆಳೆದವಳು. ನನಗೇ ಆ ದಾರಿಯಲ್ಲಿ ಒಬ್ಬಳೇ ನಡೆಯುವಾಗ ಹೆಜ್ಜೆ ತಾನಾಗಿ ಬಿರುಸಾಗುತ್ತಿತ್ತು.

ಆ ಕಬ್ಬು ಸರ್ ಅವರದು.

ಸರ್ ರಾಜ್ಯಶಾಸ್ತ್ರ ಕಲಿಸುತ್ತಿದ್ದರು. ಮೂಲಭೂತ ಹಕ್ಕುಗಳ ಪಾಠವನ್ನು ಎಷ್ಟು ಚೆನ್ನಾಗಿ ಮಾಡುತ್ತಿದ್ದರೆಂದರೆ ಬೇರೆ ವಿಭಾಗದ ಹುಡುಗರೂ ಬಂದು ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದರು. ಇಸ್ತ್ರಿಯ ಬಿಳಿ ಅಂಗಿ, ಕೂರುವ ಮೊದಲು ಕುರ್ಚಿಯ ಮೇಲೆ ಹಾಸುವ ಮಡಿಸಿದ ಕರವಸ್ತ್ರ, ಏರದ ದನಿ. ಹುಡುಗಿಯರಿಗೆಲ್ಲ ‘ಮಗಳ’ ಎನ್ನುತ್ತಿದ್ದರು. ಅವರು ಸಿಟ್ಟಿಗೆದ್ದದ್ದನ್ನು ನಾನು ನೋಡಿದ್ದು ಒಂದೇ ಸಲ, ಅದು ಮುಂದೆ ಬರುತ್ತದೆ. ಯಾರ ಮನೆಯಲ್ಲಿ ಸಾವಾದರೂ ಮೊದಲು ಬಂದು ನಿಲ್ಲುವವರು ಅವರೇ. ನಮ್ಮವ್ವನಿಗೆ ಎದೆನೋವು ಬಂದಾಗ ಮಿರಜಿನ ಆಸ್ಪತ್ರೆಗೆ ಒಯ್ದದ್ದೂ ಅವರ ಜೀಪೇ. ಇದನ್ನು ಮುಚ್ಚಿಟ್ಟರೆ ನನ್ನ ಮಾತಿಗೆ ಬೆಲೆ ಇರದು. ಆ ಉಪಕಾರ ನೆನೆದಾಗೆಲ್ಲ ನನ್ನ ಸಿಟ್ಟು ಕಡಿಮೆಯಾಗಬೇಕಿತ್ತು. ಆಗುವುದಿಲ್ಲ, ಹೆಚ್ಚುತ್ತದೆ. ಮಾಡಬಲ್ಲ ಮನುಷ್ಯ ಮಾಡಲಿಲ್ಲವಲ್ಲ ಎಂಬ ಸಿಟ್ಟು ಅದು.

ಅವರು ಕ್ಯಾಂಪಸ್ಸಿನ ಸುರಕ್ಷಾ ಸಮಿತಿಯ ಅಧ್ಯಕ್ಷರು. ಎಷ್ಟು ವರ್ಷ ಎಂದು ಕೇಳಬೇಡಿ, ನಾನು ಸೇರುವ ಮೊದಲೇ ಆಗಿದ್ದರು, ನಿವೃತ್ತಿಯವರೆಗೂ ಆಗಿಯೇ ಇದ್ದರು. ಆಡಳಿತ ಮಂಡಳಿಯವರು ಅವರಿಗೆ ಬೀಗರು, ಹಾಗಾಗಿ ಬೇರೆ ಯಾರನ್ನೂ ಆ ಕುರ್ಚಿಗೆ ಯೋಚಿಸುವ ಪ್ರಶ್ನೆಯೇ ಬರಲಿಲ್ಲ. ಅವರ ಕಾಲದಲ್ಲಿ ಬಂದ ಮೊದಲ ಕ್ಯಾಮೆರಾ ಅವರ ಕೋಣೆಯ ಬಾಗಿಲಿಗೆ, ಎರಡನೆಯದು ಗೇಟಿಗೆ, ಅದೂ ಒಳಮುಖವಾಗಿ. ಒಳಗೆ ಯಾರು ಏನು ಮಾಡುತ್ತಾರೆ ಎಂಬುದು ಮುಖ್ಯವಂತೆ. ದಾರಿಗೆ ಒಂದು ಹಾಕಿಸಿ ಎಂದಾಗ, ಗೇಟಿನ ಆಚೆಗೆ ನಮ್ಮ ಜವಾಬ್ದಾರಿ ಇಲ್ಲ ಎಂದರು. ಕಾವಲುಗಾರನನ್ನಾದರೂ ಇಡಿ ಎಂದಾಗಲೂ ಅದೇ ಉತ್ತರ.

ಇನ್ನೊಂದು ನಿಯಮ ಅವರದೇ ಬುದ್ಧಿಯದು. ಹುಡುಗಿಯರು ನಾಲ್ಕೂವರೆಯ ಮೇಲೆ ಕ್ಯಾಂಪಸ್ಸಿನಲ್ಲಿ ಇರಕೂಡದು. ಗ್ರಂಥಾಲಯದಲ್ಲಿ ಹುಡುಗರು ಆರರವರೆಗೆ ಕೂರಬಹುದು, ಹುಡುಗಿಯರನ್ನು ಸಿಪಾಯಿ ಬಂದು ಎಬ್ಬಿಸುತ್ತಿದ್ದ. ಬಸ್ಸು ಬರುವುದು ಐದೂವರೆಗೆ. ಅಂದರೆ ಹುಡುಗಿಯರ ಸುರಕ್ಷತೆಗಾಗಿ ಅವರನ್ನು ಗೋಡೆಯೊಳಗಿಂದ ಹೊರಹಾಕಿ, ಕಬ್ಬಿನ ನಡುವೆ ನಡೆಸಿ, ಫಾಟಾದಲ್ಲಿ ಒಂದು ತಾಸು ನಿಲ್ಲಿಸುತ್ತಿದ್ದರು. ಬಸ್ಸಿನ ವೇಳೆಗೆ ಬಿಡಿ ಸರ್ ಎಂದು ನಾನು ಸಭೆಯಲ್ಲಿ ಕೇಳಿದೆ. ಸಂಜೆಯ ಹೊತ್ತಿನಲ್ಲಿ ಹೆಣ್ಣುಮಕ್ಕಳು ಕಾಲೇಜಿನಲ್ಲಿ ಕಂಡರೆ ಜನ ಏನಂದಾರು ಎಂದರು. ಫಾಟಾದಲ್ಲಿ ಕಂಡರೆ ಜನ ಏನೂ ಅನ್ನುವುದಿಲ್ಲವೇ ಎಂದು ಕೇಳಬೇಕೆನ್ನುವಷ್ಟರಲ್ಲಿ ಅವರು ಮುಂದಿನ ವಿಷಯಕ್ಕೆ ಹೋಗಿದ್ದರು.

ಇನ್ನು ದೂರು ಪೆಟ್ಟಿಗೆ. ಎಲ್ಲ ಕಡೆ ಇರುವಂತೆ ನಮ್ಮಲ್ಲೂ ಒಂದು ತಗಡಿನ ಪೆಟ್ಟಿಗೆ ಇತ್ತು. ಹೊರಗಿಟ್ಟರೆ ಕಳುವಾದೀತು ಎಂದು ಅದನ್ನು ಅವರು ತಮ್ಮ ಕೋಣೆಯ ಒಳಗೇ, ತಮ್ಮ ಕುರ್ಚಿಯ ಹಿಂದಿನ ಕಪಾಟಿನ ಮೇಲೆ ಇಟ್ಟುಕೊಂಡಿದ್ದರು. ಯಾವ ಹುಡುಗಿ ಅವರ ತಲೆಯ ಮೇಲಿಂದ ಕೈಚಾಚಿ ಚೀಟಿ ಹಾಕುತ್ತಾಳೆ? ಹೊರಗಿನಿಂದ ಪರಿಶೀಲನೆಗೆ ತಂಡ ಬಂದಾಗ ಪೆಟ್ಟಿಗೆಯನ್ನು ಇಳಿಸಿ, ಬೀಗ ತೆಗೆದು, ಎಲ್ಲರ ಮುಂದೆ ಬೋರಲು ಹಿಡಿದು, ತಳಕ್ಕೆ ಬೆರಳ ಗೆಣ್ಣಿನಿಂದ ಎರಡು ಸಲ ಬಡಿಯುತ್ತಿದ್ದರು. ಏನೂ ಬೀಳುತ್ತಿರಲಿಲ್ಲ. ಒಂದು ಸಲ ಜೇಡ ಬಿತ್ತು. ಬಂದವರು ನಕ್ಕರು, ಒಂದೂ ದೂರಿಲ್ಲದ ಕ್ಯಾಂಪಸ್ ಎಂದು ಹೊಗಳಿ ಹೋದರು.

ದೂರುಗಳು ಇದ್ದವು. ಅವು ಬಾಯಲ್ಲೇ ಸಾಯುತ್ತಿದ್ದವು. ಹುಡುಗಿಯೊಬ್ಬಳು ಧೈರ್ಯ ಮಾಡಿ ಕೋಣೆಗೆ ಹೋದರೆ ಸರ್ ಪೂರ್ತಿ ಕೇಳುತ್ತಿದ್ದರು. ನಡುವೆ ಮಾತು ತಡೆಯುತ್ತಿರಲಿಲ್ಲ, ನೀರು ಕುಡಿ ಎಂದು ಲೋಟ ಮುಂದಿಡುತ್ತಿದ್ದರು. ಎಲ್ಲ ಮುಗಿದ ಮೇಲೆ ತೀರಾ ಮೆತ್ತಗೆ ಒಂದೇ ಪ್ರಶ್ನೆ ಕೇಳುತ್ತಿದ್ದರು.

“ಮನಿಗೆ ಫೋನ್ ಹಚ್ಚಲೇನ, ಮಗಳ?”

ಅಷ್ಟೇ. ಹೊರಗಿನವರಿಗೆ ಇದರಲ್ಲಿ ಬೆದರಿಕೆ ಕಾಣದು. ನಮ್ಮ ಕಡೆ ಹುಡುಗಿ ಮನೆಯಲ್ಲಿ ಒಬ್ಬಿಬ್ಬರು ಬೇಡ ಅಂದ ಮೇಲೂ ಕಾಲೇಜಿಗೆ ಬಂದಿರುತ್ತಾಳೆ. ದಾರಿಯಲ್ಲಿ ಏನೋ ಆಯಿತು ಎಂಬ ಸುದ್ದಿ ಮನೆ ಮುಟ್ಟಿದರೆ ದಾರಿ ಸರಿಮಾಡುವವರಿಲ್ಲ, ಹುಡುಗಿಯನ್ನೇ ನಿಲ್ಲಿಸುತ್ತಾರೆ. ಇದು ಸರ್‌ಗೆ ಗೊತ್ತಿತ್ತು, ಹುಡುಗಿಗೂ ಗೊತ್ತಿತ್ತು. ಬೇಡ್ರಿ ಸರ್ ಎಂದು ಎದ್ದು ಬರುತ್ತಿದ್ದಳು. ಭೋಜ ಗ್ರಾಮದಿಂದ ಬಂದು ಅತ್ತೆಯ ಮನೆಯಲ್ಲಿದ್ದು ಓದುತ್ತಿದ್ದ ಹುಡುಗಿಯೊಬ್ಬಳು ಮಾತ್ರ ಹಚ್ಚಿರಿ ಎಂದಳಂತೆ. ಮುಂದಿನ ವಾರದಿಂದ ಅವಳ ಹೆಸರು ಕರೆದರೆ ತರಗತಿಯಲ್ಲಿ ಉತ್ತರ ಬರಲಿಲ್ಲ. ಮದುವೆಯ ಕಾರ್ಡು ಮಾತ್ರ ಬಂತು, ಸರ್ ಆಯೇರಿಯ ಉಡುಗೊರೆ ತೆಗೆದುಕೊಂಡು ಹೋಗಿ ಬಂದರು.

ಸುರೇಖಾ ನನ್ನ ಸಸ್ಯಶಾಸ್ತ್ರದ ವಿದ್ಯಾರ್ಥಿನಿ. ಕುರಿ ಕಾಯುವವರ ಮನೆಯ ಹುಡುಗಿ, ಆ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ಮೊದಲನೆಯವಳು. ಶಿಕ್ಷಕಿ ಆಗಬೇಕು, ಬಿ.ಎಡ್. ಮಾಡಬೇಕು ಎಂಬುದೊಂದೇ ಅವಳ ತಲೆಯಲ್ಲಿದ್ದದ್ದು. ಕೊನೆಯ ವರ್ಷದ ಮಳೆಗಾಲ ಕಳೆದು ಕಬ್ಬು ಎತ್ತರವಾಗಿದ್ದಾಗ ನಂಬರ್ ಪ್ಲೇಟಿಲ್ಲದ ಬೈಕಿನವನೊಬ್ಬ ಆ ದಾರಿಯಲ್ಲಿ ಹುಡುಗಿಯರ ಹಿಂದೆ ಬೀಳತೊಡಗಿದ. ಕಬ್ಬಿನ ಒಳಗಿನ ಗಾಡಿದಾರಿಯಿಂದ ಹೊರಬರುತ್ತಿದ್ದ, ಹಾಗೇ ಒಳಗೆ ಮಾಯವಾಗುತ್ತಿದ್ದ. ಒಂದು ದಿನ ಹಿಂದುಳಿದಿದ್ದ ಸುರೇಖಾಳ ಓಢಣಿ ಹಿಡಿದು ಎಳೆದ. ಅವಳು ಬಿದ್ದಳು, ಮೊಣಕೈ ತರಚಿತು, ಮುಂದಿದ್ದ ಹುಡುಗಿಯರು ಕೂಗಿ ಓಡಿ ಬಂದದ್ದಕ್ಕೆ ಅಷ್ಟಕ್ಕೇ ಉಳಿಯಿತು.

ಮಾರನೆಯ ದಿನ ಅವಳ ಜೊತೆ ನಾನೂ ಸರ್ ಕೋಣೆಗೆ ಹೋದೆ. ನಾನಾಗ ಅತಿಥಿ ಉಪನ್ಯಾಸಕಿ, ತಾಸಿನ ಲೆಕ್ಕದವಳು, ನನ್ನ ತಾಸು ಹಂಚುವವರಲ್ಲಿ ಅವರೂ ಒಬ್ಬರು. ಪೊಲೀಸ್ ಠಾಣೆಗೆ ಹೋಗೋಣ ಎಂದೆ. ಕಾಲೇಜಿನ ಮಾನದ ಪ್ರಶ್ನೆ ಎಂದರು. ಹಾಗಾದರೆ ದಾರಿಯ ಅಂಚಿನ ನಾಲ್ಕು ಸಾಲು ಕಬ್ಬು ತೆಗೆಸಿಬಿಡಿ, ಮುಂದಿನ ಸಲ ಅಲ್ಲಿ ಶೇಂಗಾನೋ ಸೋಯಾನೋ ಹಾಕಿ, ದಾರಿ ಕಣ್ಣಿಗೆ ಬೀಳುತ್ತದೆ, ಅಡಗಲು ಜಾಗ ಇರುವುದಿಲ್ಲ ಎಂದೆ. ಸರ್ ನಕ್ಕರು. ನೀವು ಬಾಟನಿ ಕಲಿಸಿರಿ, ಒಕ್ಕಲುತನ ನನಗೆ ಬಿಡಿರಿ ಎಂದರು. ಆಮೇಲೆ ಸುರೇಖಾಳ ಕಡೆ ತಿರುಗಿ ಅದೇ ಪ್ರಶ್ನೆ ಕೇಳಿದರು. ಅವಳು ಬೇಡ ಎಂದಳು. ಆದರೆ ನಾನು ಜೊತೆಗಿದ್ದುದರಿಂದ ಅವರಿಗೆ ಅಷ್ಟಕ್ಕೆ ಸಮಾಧಾನವಾಗಲಿಲ್ಲ, ಅವಳ ಎದುರೇ ಫೋನ್ ಹಚ್ಚಿದರು. ನಂಬರು ಅವರ ಹತ್ತಿರವೇ ಇತ್ತು. ಅವಳ ಅಪ್ಪ ಬೀರಪ್ಪ ವರ್ಷ ವರ್ಷ ಕಬ್ಬು ಕಡಿದ ಮೇಲೆ ಅವರ ಹೊಲದಲ್ಲೇ ಗೊಬ್ಬರಕ್ಕೆಂದು ರಾತ್ರಿ ಕುರಿ ತರುಬಿ ನಿಲ್ಲಿಸುತ್ತಿದ್ದ.

ಮುಂದಿನ ಸೆಮಿಸ್ಟರಿನಲ್ಲಿ ನನ್ನ ತಾಸುಗಳು ಅರ್ಧವಾದವು. ಅದು ಬೇರೆ ಮಾತು.

ಬೀರಪ್ಪ ಮರುದಿನ ಬಂದ. ಹೆಗಲ ಮೇಲೆ ಕಂಬಳಿ, ಕಾಲಲ್ಲಿ ಟಾಯರಿನ ಚಪ್ಪಲಿ, ಅದನ್ನೂ ಬಾಗಿಲ ಹೊರಗೆ ಬಿಟ್ಟ. ಎರಡು ಕುರ್ಚಿ ಖಾಲಿ ಇದ್ದವು, ಕೂಡು ಎಂದು ಸರ್ ಹೇಳಲಿಲ್ಲ. ನನ್ನನ್ನು ಯಾರೂ ಕರೆದಿರಲಿಲ್ಲ, ನಾನೇ ಹೋಗಿ ನಿಂತಿದ್ದೆ. ಕಾಲ ಕೆಟ್ಟದ್ದು, ಹರೆಯದ ಹುಡುಗಿ, ನಿನ್ನ ಒಳ್ಳೆಯದಕ್ಕೇ ಹೇಳುತ್ತೇನೆ, ಮನೆಯಲ್ಲಿ ಇಟ್ಟುಕೊ, ಪರೀಕ್ಷೆಯನ್ನು ಹೊರಗಿನಿಂದ ಕಟ್ಟಿಸೋಣ ಎಂದು ಸರ್ ಬಹಳ ಹೊತ್ತು ತಿಳಿಹೇಳಿದರು. ನಮ್ಮ ಪದವಿಗೆ ಪ್ರಯೋಗಾಲಯದ ಪಾಠ ಉಂಟು, ಹೊರಗಿನಿಂದ ಆಗುವುದಿಲ್ಲ ಎಂದು ನಾನು ನಡುವೆ ಹೇಳಿದೆ. ಯಾರೂ ಕೇಳಿಸಿಕೊಳ್ಳಲಿಲ್ಲ. ಸುರೇಖಾ ಹೊರಗೆ ಬೇವಿನ ಮರದ ಕೆಳಗೆ ಚೀಲವನ್ನು ಎದೆಗೆ ಅವಚಿಕೊಂಡು ನಿಂತಿದ್ದಳು. ಕಿಟಕಿಯಿಂದ ಕಾಣುತ್ತಿತ್ತು, ಅವಳ ಓದು ಅಲ್ಲಿಗೆ ಮುಗಿಯಿತು ಎಂದೇ ನಾನೂ ಅಂದುಕೊಂಡೆ.

ಬೀರಪ್ಪ ಎಲ್ಲ ಕೇಳಿ, ಕೆಳಗೆ ನೋಡುತ್ತಲೇ ಒಂದು ಮಾತು ಕೇಳಿದ.

“ಹಾದಿ ಯಾರದ್ರಿ, ಸರ?”

“ಹಾದಿ ಸರಕಾರದ್ದು.”

“ಕಬ್ಬ?”

“ಕಬ್ಬ ನಂದ. ಯಾಕ?”

“ಏನಿಲ್ರಿ. ಕೇಳಿದ್ನಿ.”

ಕೈಮುಗಿದು ಹೊರಗೆ ಹೋದ. ನಾನೂ ಹಿಂದೆಯೇ ಹೋದೆ, ಅವನನ್ನು ತಡೆದು ನಿಲ್ಲಿಸಿ ಏನಾದರೂ ಹೇಳಬೇಕು ಎಂದು. ಅವನು ಮಗಳ ಮೊಣಕೈಯ ಗಾಯ ನೋಡುತ್ತಿದ್ದ. ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ನಾಳೆ ಎಷ್ಟು ಹೊತ್ತಿಗೆ ಬಿಡುತ್ತಾರೆ ಎಂದು ಕೇಳಿದ. ನಾಲ್ಕೂವರೆಗೆ ಎಂದಳು. ಹೂಂ ಎಂದು ಫಾಟಾದ ಕಡೆ ನಡೆದ.

ಮರುದಿನ ನಾಲ್ಕೂವರೆಗೆ ಗೇಟು ತೆರೆದರೆ ದಾರಿ ತುಂಬ ಕುರಿ. ಈ ಬದುವಿನಿಂದ ಆ ಬದುವಿನವರೆಗೆ ಒಬ್ಬ ಮನುಷ್ಯ ಸೈತ ನುಸುಳಲು ಜಾಗವಿಲ್ಲದಂತೆ ಕುರಿ. ಮುಂದೆ ಬೀರಪ್ಪ, ಹಿಂದೆ ಅವನ ತಮ್ಮ, ಜೊತೆಗೆ ಎರಡು ನಾಯಿ. ಹುಡುಗಿಯರು ಮೊದಲು ನಕ್ಕರು, ಆಮೇಲೆ ಕುರಿಗಳ ನಡುವೆ ನಡೆದರು. ಬೈಕಿನವನು ಗಾಡಿದಾರಿಯ ಬಾಯಿಗೆ ಬಂದು ಹಾರ್ನ್ ಬಾರಿಸಿದ. ಒಂದು ಕುರಿಯೂ ಸರಿಯಲಿಲ್ಲ, ನಾಯಿಗಳು ಮಾತ್ರ ಅವನ ಕಡೆ ಹೋದವು. ಫಾಟಾದಲ್ಲಿ ಬಸ್ಸು ಬರುವವರೆಗೂ ಕುರಿಗಳು ನಿಂತಿದ್ದವು. ಮರುದಿನವೂ ಹಾಗೇ, ಅದರ ಮರುದಿನವೂ ಹಾಗೇ.

ದಾರಿಯಲ್ಲಿ ಒಂದು ತಾಸು ನಿಂತ ಕುರಿ ಸುಮ್ಮನಿರುತ್ತದೆಯೇ? ಅಂಚಿನ ಕಬ್ಬಿನ ಹಸಿರು ಗರಿ ಬಾಯಿಗೆ ಸಿಗುವಷ್ಟು ಬಾಗಿತ್ತು. ಒಂದು ವಾರದಲ್ಲಿ ಎರಡೂ ಕಡೆಯ ಮೊದಲ ಸಾಲುಗಳು ಬೋಳಾದವು. ಬೀರಪ್ಪ ಬೇಕೆಂದೇ ಬಿಟ್ಟನೋ, ಅವು ತಾವಾಗಿ ತಿಂದವೋ ನಾನು ಕೇಳಲಿಲ್ಲ. ತರಗತಿಯಲ್ಲಿ ಕಬ್ಬು ಹುಲ್ಲಿನ ಕುಟುಂಬಕ್ಕೆ ಸೇರಿದ ಸಸ್ಯ ಎಂದು ಆ ವಾರ ಪಾಠ ಮಾಡುವಾಗ ಮಾತ್ರ ನನಗೆ ಬಹಳ ಖುಷಿಯಾಗಿತ್ತು.

ಆಗ ನೋಡಿದೆ ಸರ್ ಅವರ ಸಿಟ್ಟನ್ನು. ಹುಡುಗಿಯ ಓಢಣಿ ಎಳೆದಾಗ ಏರದ ದನಿ, ಕಬ್ಬಿನ ಗರಿ ಹರಿದಾಗ ಗೇಟಿನವರೆಗೆ ಕೇಳಿಸಿತು. ಕೋಣೆ ಬಿಟ್ಟು ಓಡಿ ಬಂದರು, ಬಿಳಿ ಅಂಗಿಯಲ್ಲೇ ದಾರಿಗಿಳಿದರು, ಬೀರಪ್ಪನ ಕಂಬಳಿ ಹಿಡಿದು ಜಗ್ಗಿದರು. ಅವನು ಕೈಮುಗಿದೇ ನಿಂತಿದ್ದ. ಹಾದಿ ಸರಕಾರದ್ದು ಅಂದಿದ್ರಿ, ಹಾದ್ಯಾಗ ಹೊಂಟಿದ್ವು, ಕುರಿಗೇನ ತಿಳಿತೈತ್ರಿ ಎಂದ. ಹುಡುಗಿಯರೆಲ್ಲ ನೋಡುತ್ತಿದ್ದರು. ಸರ್‌ಗೆ ಅದು ನೆನಪಾಗಿ ಕಂಬಳಿ ಬಿಟ್ಟರು.

ಎರಡೇ ದಿನಕ್ಕೆ ಕಾವಲು ಬಂತು. ಇಬ್ಬರು ಗಟ್ಟಿ ಆಳು, ಕೈಯಲ್ಲಿ ಬಡಿಗೆ, ಬೆಳಗಿನಿಂದ ದೀಪ ಹಚ್ಚುವವರೆಗೆ. ದಾರಿಯ ನಡುಮಧ್ಯದ ಬದುವಿನ ಮೇಲೆ ಅಟ್ಟ ಕಟ್ಟಿಸಿದರು. ಅದರ ಮೇಲೆ ಕೂತರೆ ಫಾಟಾದಿಂದ ಗೇಟಿನವರೆಗೆ ಒಂದು ಬೆಕ್ಕು ದಾಟಿದರೂ ಕಾಣುತ್ತಿತ್ತು. ಕುರಿ ಹೊಗುವ ಗಾಡಿದಾರಿಗೆ ಮುಳ್ಳು ಬಡಿಸಿದರು. ಅಲ್ಲಿಗೆ ಬೈಕಿಗೂ ದಾರಿ ಇಲ್ಲವಾಯಿತು, ಅವನು ಮತ್ತೆ ಕಾಣಿಸಲಿಲ್ಲ. ಗೇಟಿನ ಆಚೆಗೆ ಜವಾಬ್ದಾರಿ ಇಲ್ಲ ಎನ್ನುತ್ತಿದ್ದವರಿಗೆ ಗೇಟಿನ ಆಚೆ ಏನೇನು ಮಾಡಬಹುದು ಎಂದು ಚೆನ್ನಾಗಿಯೇ ಗೊತ್ತಿತ್ತು.

ಕಾವಲು ಬಂದ ಸಂಜೆ ಬೀರಪ್ಪ ಕುರಿಗಳನ್ನು ಫಾಟಾದಿಂದಲೇ ತಿರುಗಿಸಿದ. “ಇನ್ನ ನಂದೇನ ಕೆಲಸಿಲ್ರಿ, ಅಕ್ಕಾರ. ಮಂದಿ ನಿಂತಾರಲ್ಲ” ಎಂದು ನನಗೆ ಹೇಳಿದ. ಆ ವರ್ಷದಿಂದ ಸರ್ ಹೊಲದಲ್ಲಿ ಅವನ ಕುರಿ ತರುಬಲಿಲ್ಲ. ಸುತ್ತಲಿನ ಹೊಲದವರಿಗೂ ಸರ್ ಹೇಳಿಟ್ಟರು, ಅವನು ಅಥಣಿಯ ಕಡೆ ದೂರ ಹೋಗಬೇಕಾಯಿತು. ಸುರೇಖಾ ಒಂದು ದಿನವೂ ತಪ್ಪದೆ ಬಂದಳು, ಪಾಸಾದಳು, ಬಿ.ಎಡ್. ಮಾಡಿ ಕಾಗವಾಡದ ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾಳೆ.

ಇನ್ನು ಸರ್ ಅವರ ನಿವೃತ್ತಿಯ ಸತ್ಕಾರ ಸಮಾರಂಭದ ಮಾತು. ಕಾಲ ಕಳೆದಂತೆ ಅವರ ಬಾಯಲ್ಲಿ ಆ ಕಾವಲಿನ ಕಥೆ ಬೇರೆಯಾಗಿಬಿಟ್ಟಿತ್ತು. ನನ್ನ ಹೆಣ್ಣುಮಕ್ಕಳಿಗೆ ತೊಂದರೆ ಎಂದು ತಿಳಿದ ದಿನ ನಾನು ನಿದ್ದೆ ಮಾಡಲಿಲ್ಲ, ಸ್ವಂತ ಖರ್ಚಿನಿಂದ ಕಾವಲು ಹಾಕಿಸಿದೆ ಎಂದು ಅವರು ಮೈಕಿನಲ್ಲಿ ಹೇಳಿದಾಗ ಕಣ್ಣು ಒದ್ದೆಯಾಗಿದ್ದವು. ಸುಳ್ಳು ಹೇಳುತ್ತಿದ್ದಾರೆ ಎಂದು ನನಗೆ ಅನಿಸಲಿಲ್ಲ, ಅದೇ ಹೇಸಿಗೆಯ ಸಂಗತಿ, ಅವರು ಅದನ್ನು ನಂಬಿದ್ದರು. ದೂರು ಪೆಟ್ಟಿಗೆಯನ್ನೂ ಒರೆಸಿ ವೇದಿಕೆಯ ಮೇಜಿನ ಮೇಲೆ ಇಟ್ಟಿದ್ದರು. ಅದನ್ನು ಕೊನೆಯ ಸಲ ಬೋರಲು ಹಿಡಿದು ತಳ ಬಡಿದು ತೋರಿಸಿದರು. ಸಭೆ ಚಪ್ಪಾಳೆ ತಟ್ಟಿತು.

ಆಮೇಲೆ ಸುರೇಖಾಳನ್ನು ಕರೆದರು. ಸರ್ ಕಾಪಾಡಿದ ಹುಡುಗಿ ಎಂದೇ ನಿರೂಪಕ ಪರಿಚಯಿಸಿದ. ಅವಳು ಹಾರ ಕೈಯಲ್ಲಿ ಹಿಡಿದು ಮೈಕಿನ ಮುಂದೆ ನಿಂತಳು. ಬೀರಪ್ಪ ಹಿಂದಿನ ಸಾಲಿನಲ್ಲಿ ಕಂಬಳಿ ಮಡಿಲಲ್ಲಿಟ್ಟು ಕೂತಿದ್ದ. ನಾನು ಮೂರನೆಯ ಸಾಲಿನಲ್ಲಿ ಉಗುರು ಕಚ್ಚುತ್ತಿದ್ದೆ. ಅವಳು ಬಹಳ ನಿಧಾನವಾಗಿ ಮಾತಾಡಿದಳು.

“ಸರ್ ಕಾವಲ ಹಾಕಿದ್ದು ಖರೇ ಐತ್ರಿ. ಕಬ್ಬಿಗೆ ಹಾಕಿದ್ರು. ಕಬ್ಬಿನ ಜೋಡಿ ನಾನೂ ಉಳದ್ನಿ.”

ಅಷ್ಟೇ ಹೇಳಿ ಹಾರ ಹಾಕಿದಳು. ಜನ ಚಪ್ಪಾಳೆ ತಟ್ಟಿದರು, ಹುಡುಗಿ ವಿನಯದಿಂದ ಮಾತಾಡಿದಳು ಎಂದುಕೊಂಡರು. ಸರ್ ಮಾತ್ರ ಚಪ್ಪಾಳೆ ತಟ್ಟಲಿಲ್ಲ. ಕರವಸ್ತ್ರವನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದರು. ಹಾರದ ಸೇವಂತಿಗೆಯ ಎಸಳುಗಳು ಬಿಳಿ ಅಂಗಿಯ ಮೇಲೆ ಉದುರಿದ್ದನ್ನು ಒಂದೊಂದೇ ತೆಗೆದರು. ಅವರಿಗೆ ಅರ್ಥವಾಗಿತ್ತು. ಅವರ ಬಗ್ಗೆ ನಾನು ಹೇಳಬಹುದಾದ ಒಂದೇ ಒಳ್ಳೆಯ ಮಾತು ಅದು, ಲೇಖನ ಕೇಳಿದ ಹುಡುಗನಿಗೆ ಬೇಕಿದ್ದರೆ ಇದನ್ನು ಉಳಿಸಿಕೊಳ್ಳಲಿ.

ಫಾಟಾದಿಂದ ಗೇಟಿನವರೆಗಿನ ದಾರಿಗೆ ಈಗ ಅವರ ಹೆಸರಿಡುತ್ತಾರಂತೆ. ಫಲಕ ಬರೆಸಲು ಕೊಟ್ಟಿದ್ದಾರೆ, ಹೆಸರಿನ ಕೆಳಗೆ ‘ಸುರಕ್ಷಾ ಮಾರ್ಗ’ ಎಂದು ಬರುತ್ತದೆ. ಮೊನ್ನೆ ಶೋಕಸಭೆಗೆ ಹೋದಾಗ ಆ ದಾರಿಯಲ್ಲೇ ನಡೆದೆ. ಕಬ್ಬು ಮೊದಲಿನಂತೆಯೇ ತಲೆಯ ಮೇಲೆ ಬಾಗಿದೆ. ಅವರ ಮಕ್ಕಳು ಹೊಲದ ಸುತ್ತ ಕರೆಂಟಿನ ತಂತಿ ಬೇಲಿ ಹಾಕಿಸಿದ್ದಾರೆ, ದಾರಿಯಿಂದ ಒಳಗೆ ಕುರಿ ಬಾಯಿ ಹಾಕುವಂತಿಲ್ಲ. ಗಾಡಿದಾರಿಗೆ ಕಬ್ಬಿಣದ ಗೇಟಿದೆ, ಅದು ತೆರೆದೇ ಇತ್ತು. ಕಾವಲಿನವರನ್ನು ಬಿಡಿಸಿದ್ದಾರೆ, ಅಟ್ಟ ಮುರಿದು ಬಿದ್ದಿದೆ. ನಾಲ್ಕೂವರೆಗೆ ಹುಡುಗಿಯರ ಗುಂಪೊಂದು ಗೇಟಿನಿಂದ ಹೊರಬಂತು. ಒಬ್ಬರ ಕೈ ಒಬ್ಬರು ಹಿಡಿದುಕೊಂಡು, ಮಾತಾಡದೆ, ಹಿಂದೆ ಹಿಂದೆ ನೋಡುತ್ತ ಬೇಗಬೇಗ ನಡೆದರು.

ಕಬ್ಬಿಗೆ ಈಗ ಯಾವ ಭಯವೂ ಇಲ್ಲ.